ಪಾಟಿಚೀಲವೂ ನೂಲಿನ ಗಂಟೂ

ನಾನು ಶಾಲೆಗೆ ಹೋಗುವುದನ್ನು ಕಂಡರೆ ನನ್ನ ಸೋದರತ್ತೆಗೆ ಆಗುತ್ತಿರಲಿಲ್ಲ. ಗಂಡ ತೀರಿದ ಮೇಲೆ ಅವಳು ಬನಹಟ್ಟಿಯ ನಮ್ಮ ಮನೆಗೇ ಬಂದು ನೆಲೆಸಿದ್ದಳು. ಅಪ್ಪ ಮಗ್ಗಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಅವ್ವ ರಾಟಿಯ ಮುಂದೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತಿರುತ್ತಿದ್ದಳು. ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆಯ ಮಾತು.

ಆಗ ನಮ್ಮದು ಮುಂಬಯಿ ರಾಜ್ಯ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತ ರಬಕವಿಯ ಶಾಲೆಗೆ ನಡೆದು ಹೋಗುತ್ತಿದ್ದೆ. ಹಳೇ ಸೀರೆ ಹರಿದು ಹೊಲಿದ ಪಾಟಿಚೀಲದಲ್ಲಿ ಕಟ್ಟಿಗೆ ಚೌಕಟ್ಟಿನ ಪಾಟಿ, ಪುಸ್ತಕಗಳು, ಮಸಿ ದೌತಿ. ಚೀಲದ ಪಟ್ಟಿ ಸಣ್ಣದು. ಎಡ ಹೆಗಲಿಗೆ ಕೊರೆಯುತ್ತಿತ್ತು. ಶಾಲೆ ಬಿಟ್ಟ ಮೇಲೆ ಪೇಟೆಯ ಅಂಗಡಿಯಿಂದ ಅಪ್ಪನ ಮಗ್ಗಕ್ಕೆ ನೂಲಿನ ಗಂಟನ್ನೂ ತಲೆಯ ಮೇಲೆ ಹೊತ್ತು ತರಬೇಕು. ಹಾಗೆಂದು ಗೊತ್ತುಮಾಡಿದವಳು ಅತ್ತೆ.

"ಹೆಂಗೂ ಆ ಕಡಿಂದನ ಬರತಿ. ಖಾಲಿ ತಲಿ ಯಾಕ ತರತಿ?" ಅಂದಿದ್ದಳು.

ಹೆಗಲು ನೋಯಲು ಶುರುವಾಯಿತು. ಬರಬರುತ್ತ ಕುತ್ತಿಗೆ, ಬೆನ್ನು. ನಾನು ಯಾರಿಗೂ ಹೇಳಲಿಲ್ಲ. ಶಾಲೆ ಬಿಡಿಸಲು ಅತ್ತೆಗೆ ಒಂದು ನೆವ ಬೇಕಿತ್ತು, ಅದನ್ನು ನಾನೇ ಕೊಡಲು ಸಿದ್ಧಳಿರಲಿಲ್ಲ.

ಒಂದು ಬೆಳಿಗ್ಗೆ ಎದ್ದರೆ ಕುತ್ತಿಗೆ ಹೊರಳಲೇ ಇಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕಾಯಿತು. ಅತ್ತೆ ನೋಡಿಬಿಟ್ಟಳು. ಅವಳ ಮುಖದಲ್ಲಿ ಕಂಡದ್ದು ಕಾಳಜಿಯಲ್ಲ, ಖುಷಿ.

"ನೋಡೋ ತಮ್ಮಾ, ಪುಸ್ತಕ ಹೊತ್ತು ಹೊತ್ತು ಹುಡುಗಿ ಕುತ್ತಿಗಿ ಸೊಟ್ಟ ಆತು. ನಾಳಿ ಇಕಿನ್ನ ಯಾರು ಮಾಡ್ಕೋತಾರ? ಸಾಲಿ ಬಿಡಸು."

ಅಪ್ಪ ಲಾಳಿ ನಿಲ್ಲಿಸಿ ನನ್ನನ್ನು ನೋಡಿದ. "ಆತು, ಮನ್ಯಾಗ ಇರಲಿ ಬಿಡು" ಅಂದ.

ಅಷ್ಟು ಸುಲಭವಾಗಿ ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

"ಹಂಗಾರ ನೂಲು ಯಾರು ತರತಾರ?" ಅಂತ ಕೇಳಿದೆ.

"ನೀನ ತರಬೇಕು. ಮತ್ಯಾರು?" ಅಂದಳು ಅತ್ತೆ, ಹಿಂದುಮುಂದು ನೋಡದೆ.

"ಪುಸ್ತಕ ಹೊತ್ರ ಕುತ್ತಿಗಿ ಸೊಟ್ಟ ಆಗತೈತಿ, ಅದರ ದುಪ್ಪಟ್ಟ ಗಂಟು ಹೊತ್ರ ನೆಟ್ಟಗ ಆಗತೈತೇನ ಅತ್ತಿ?"

"ಬಾಯಿ ನೋಡ ಇದರದು!" ಎನ್ನುತ್ತ ಅವಳು ನೋಯುವ ಹೆಗಲ ಮೇಲೇ ಗುದ್ದಿದಳು. ನಾನು ಕಿರುಚಿಕೊಂಡೆ.

ರಾಟಿಯ ಸದ್ದು ನಿಂತಿತು. "ಅಕ್ಕಾರ, ನನ್ನ ಮಗಳಿಗಿ ಕೈ ಹಚ್ಚಬ್ಯಾಡ್ರಿ" ಅಂದಳು ಅವ್ವ. ಅತ್ತೆಗೆ ಅವಳು ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಪ್ಪ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಎದ್ದು ಬಂದ. ಅಕ್ಕನ ಮುಖ ನೋಡದೆ, "ನೂಲು ನಾ ತರತೀನಿ. ಇಕಿ ಸಾಲಿಗಿ ಹೋಗತಾಳ" ಅಂದ.

ಅವ್ವ ಉಸುಕು ಹುರಿದು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ಶಾಖ ಕೊಟ್ಟಳು, ಚೀಲಕ್ಕೆ ಅಗಲವಾದ ಪಟ್ಟಿ ಹೊಲಿದಳು. ಗಂಟು ಹೊರುವುದು ತಪ್ಪಿದ ಮೇಲೆ ನೋವು ಮೆಲ್ಲಗೆ ಇಳಿಯಿತು. ಅತ್ತೆ ನನ್ನೊಡನೆ ಮಾತು ಬಿಟ್ಟಳು. ರೊಟ್ಟಿಯನ್ನು ತಾಟಿಗೆ ಎಸೆಯುತ್ತಿದ್ದಳು. ನಾನೂ ಮಾತಾಡಿಸಲು ಹೋಗಲಿಲ್ಲ. ಮುಲ್ಕಿ ಪಾಸಾದ ಸುದ್ದಿ ಬಂದ ದಿನ, "ಪಾಸಾಗಿ ಏನ ಉದ್ಧಾರ ಮಾಡತಾಳ" ಎಂದು ನೆರೆಯವಳಿಗೆ ಅನ್ನುತ್ತಿದ್ದಳು, ನನಗೆ ಕೇಳಿಸಲೆಂದೇ.

ಅವಳು ಸತ್ತಾಗ ಬಂಧುಗಳೆಲ್ಲ ಅತ್ತರು. ನಾನು ಅಳಲಿಲ್ಲ. ಅಪ್ಪನ ಮೇಲಿನ ಸಿಟ್ಟೂ ಪೂರ್ತಿ ಹೋಗಿಲ್ಲ. ದಿನಾ ಸಂಜೆ ನನ್ನ ತಲೆಯಿಂದ ಆ ಗಂಟು ಇಳಿಸಿಕೊಳ್ಳುತ್ತಿದ್ದವನು ಅವನೇ. ಅದರ ಭಾರ ಅವನಿಗೆ ಗೊತ್ತಿತ್ತು.