ಅಮ್ಮಿಯ ಹೆಸರಿನ ಉಮ್ರಾ

ಹೋದ ತಿಂಗಳು ನೆಂಟರ ಮದುವೆಗೆಂದು ದೊಡ್ಡಬಳ್ಳಾಪುರಕ್ಕೆ ಹೊರಟಾಗ ಹಳೆಯ ಮಿನಿ ಬಸ್ಸೊಂದರಲ್ಲಿ ನನಗೆ ಮುಂದಿನ ಸೀಟು ಸಿಕ್ಕಿತು. ಯಲಹಂಕ ದಾಟುವಷ್ಟರಲ್ಲಿ ಇಂಜಿನ್ ಬಾನೆಟ್ ಕಾದು, ಅದಕ್ಕೆ ಹೊದಿಸಿದ್ದ ರೆಕ್ಸಿನ್‌ನ ವಾಸನೆ ಏಳತೊಡಗಿತು. ಡ್ರೈವರ್ ತನ್ನ ಊಟದ ಡಬ್ಬಿಯನ್ನು ಅದರ ಮೇಲೆ ಇಟ್ಟಿದ್ದ. ಕಾದ ರೆಕ್ಸಿನ್, ಡೀಸೆಲ್, ಡಬ್ಬಿಯೊಳಗೆ ಬೆಚ್ಚಗಾಗುತ್ತಿದ್ದ ಮೆಂತ್ಯಸೊಪ್ಪಿನ ಪಲ್ಯ... ಹನ್ನೊಂದು ವರ್ಷ ನಾನು ಇದೇ ವಾಸನೆಯಲ್ಲಿ ಕೂತು ಕೆಲಸಕ್ಕೆ ಹೋಗಿ ಬಂದವಳು. ಪಕ್ಕದಲ್ಲಿದ್ದ ತಂಗಿ ಏನೋ ಕೇಳುತ್ತಿದ್ದಳು. ನನ್ನ ಕಿವಿಗೆ ಬೀಳಲಿಲ್ಲ. ಭಾಯಿ ನೆನಪಾಗಿದ್ದರು.

ಸೋಲದೇವನಹಳ್ಳಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ ನಾನು ಕೆಲಸಕ್ಕಿದ್ದೆ. ಮನೆ ಅಟ್ಟೂರು ಲೇಔಟಿನಲ್ಲಿ. ಬೆಳಿಗ್ಗೆ ಏಳೂಕಾಲಿಗೆ ಕಾಲೇಜಿನ ಬಸ್ಸು ನಮ್ಮ ಬೀದಿಯ ತುದಿಗೆ ಬರುತ್ತಿತ್ತು. ಅದನ್ನು ಓಡಿಸುತ್ತಿದ್ದವರು ಭಾಯಿ. ಹುಡುಗರು, ಲೆಕ್ಚರರುಗಳು, ಗೇಟಿನ ಸೆಕ್ಯುರಿಟಿಯವರು ಎಲ್ಲರಿಗೂ ಅವರು ಭಾಯಿಯೇ. ಯಾರಾದರೂ ಓಡಿ ಬರುತ್ತಿರುವುದು ಕನ್ನಡಿಯಲ್ಲಿ ಕಂಡರೆ ನಿಲ್ಲಿಸುತ್ತಿದ್ದರು, ಆದರೆ ಹತ್ತಿದವನನ್ನು ಬಯ್ಯದೆ ಬಿಡುತ್ತಿರಲಿಲ್ಲ. ನನ್ನ ಸೀಟು ಅವರ ಎಡಕ್ಕೆ, ಬಾನೆಟ್ಟಿನ ಪಕ್ಕ. ಹಾಗಾಗಿ ಅವರ ಮುಖಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಗೇರ್ ಹಿಡಿದ ಅವರ ಕೈಯನ್ನು.

ಭಾಯಿಯ ಮನೆ ಯಲಹಂಕ ಹಳೇ ಟೌನಿನಲ್ಲಿತ್ತು. ಹೆಂಡತಿ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದರು. ಮನೆಯಲ್ಲಿ ಭಾಯಿ, ಅವರ ತಾಯಿ, ಮಗಳು, ಮೂರೇ ಜನ. ಮಗಳನ್ನು ಎರಡು ವರ್ಷದ ಕೂಸಿನಿಂದ ಸಾಕಿದ್ದು ಆ ತಾಯಿಯೇ. ಮೊಮ್ಮಗಳು ಅವರನ್ನು ದಾದಿ ಎನ್ನುತ್ತಿದ್ದಳು, ಅಂದರೆ ಅಜ್ಜಿ; ಉಳಿದಂತೆ ಇಡೀ ಬೀದಿ ಅಮ್ಮಿ ಎನ್ನುತ್ತಿತ್ತು. ರಂಜಾನ್ ಹಬ್ಬಕ್ಕೆ ಹೋದಾಗಲೆಲ್ಲ ನನ್ನ ಕೈಗೆ ಶೀರ್‌ಖುರ್ಮಾ ಪಾಯಸದ ಬಟ್ಟಲು ಕೊಟ್ಟು, ಅದು ಖಾಲಿಯಾಗುವವರೆಗೂ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದರು.

ಒಂದು ಮಳೆಗಾಲ ಅಮ್ಮಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ನಿಗೆ ಎದೆ ತಡೆಯುವುದಿಲ್ಲ ಎಂದರು ಡಾಕ್ಟರು. ಅಲ್ಲಿಂದ ಅಮ್ಮಿ ಕಿಟಕಿ ಪಕ್ಕದ ಮಂಚದಲ್ಲೇ ಉಳಿದರು. ಆಗಲೇ ಅವರಿಗೆ ಸಾವಿನ ಭಯ ಹಿಡಿದದ್ದು. ಒಬ್ಬರನ್ನೇ ಬಿಟ್ಟು ಯಾರೂ ಅಡುಗೆಮನೆಗೂ ಹೋಗುವ ಹಾಗಿರಲಿಲ್ಲ. ಮಕ್ಕಾದ ಕಾಬಾ ನೋಡದೆ ಹೋಗುತ್ತೇನೆ, ಏನು ಮುಖ ಇಟ್ಟುಕೊಂಡು ಹೋಗಲಿ ಎಂದು ಬಂದವರೆದುರೆಲ್ಲ ಅಳುತ್ತಿದ್ದರು.

ಭಾಯಿ ತಮ್ಮ ಮಸೀದಿಯ ಗುರುಗಳಾದ ಹಜರತ್ತರನ್ನು ಕೇಳಿಕೊಂಡು ಬಂದರು. ಮರುದಿನ ಬಸ್ಸಿನಲ್ಲಿ ನನಗೆ ವಿವರಿಸಿದರು. ಹಜ್‌ಗೆ ಗೊತ್ತಾದ ದಿನಗಳಿವೆ. ಉಮ್ರಾ ಅಂದರೆ ಚಿಕ್ಕ ಯಾತ್ರೆ, ಯಾವಾಗ ಬೇಕಾದರೂ ಮಾಡಬಹುದು. ಕೈಲಾಗದ ತಾಯಿಯ ಪರವಾಗಿ ಮಗ ಮಾಡಿದರೂ ನಡೆಯುತ್ತದೆ. ಆದರೆ ಮೊದಲು ಮಗ ತನ್ನದನ್ನು ಮಾಡಿ ಮುಗಿಸಬೇಕು. ಆಮೇಲೆ ಮಕ್ಕಾದ ಗಡಿಯ ಮಸೀದಿಗೆ ಹೋಗಿ, ಮತ್ತೆ ಯಾತ್ರೆಯ ಎರಡು ಬಿಳಿ ಬಟ್ಟೆ ಉಟ್ಟು, ತಾಯಿಯ ಹೆಸರು ಹೇಳಿ ಸಂಕಲ್ಪ ಮಾಡಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

"ಬೇಸಿಗೆ ರಜದಲ್ಲಿ ಹೋಗ್ಬರ್ತೀನಿ ಮೇಡಂ" ಎಂದರು. "ಅಮ್ಮಿ ಕಣ್ಣಲ್ಲಿ ನೀರು ನೋಡಕ್ಕಾಗ್ತಿಲ್ಲ."

ಹೊರಡುವ ಮುಂಚಿನ ಭಾನುವಾರ ನಾನು ಹೋಗಿದ್ದೆ. ಅಮ್ಮಿ ನನ್ನ ಮುಂಗೈ ಹಿಡಿದು ಮಂಚದ ಅಂಚಿನಲ್ಲಿ ಕೂರಿಸಿಕೊಂಡರು.

"ಅಲ್ಲಿ ನನ್ ಹೆಸರು ತಗೊಂಡು ಮಾಡ್ತಾನಂತೆ ಕಣಮ್ಮಾ. ನಮ್ ಮನೆಯೋರು ಒಂದಿನ ನನ್ ಹೆಸರು ಕರೆದೋರಲ್ಲ. 'ಏ' ಅಂದ್ರೆ ನಾನೇ ಅಂತ ಗೊತ್ತಾಗ್ಬೇಕಿತ್ತು. ಮಕ್ಳು ಅಮ್ಮಿ ಅಂದ್ರು, ಬೀದಿಯೋರು ಅಮ್ಮಿ ಅಂದ್ರು. ಈಗ ಕಾಬಾ ಮುಂದೆ ನನ್ ಹೆಸರು!"

ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಬಿದ್ದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾಯಿ ಹೋಗಿ ಎರಡು ವಾರಕ್ಕೆ ವಾಪಸಾದರು. ಖರ್ಜೂರ, ಮಕ್ಕಾದ ಪವಿತ್ರ ಝಂಝಂ ನೀರು ತೆಗೆದುಕೊಂಡು ಹೋಗಲು ಬರಹೇಳಿದ್ದರು. ಉಮ್ರಾ ಮುಗಿದಾಗ ಬೋಳಿಸಿದ ತಲೆಯಲ್ಲಿ ಆಗಷ್ಟೇ ಕೂದಲು ಮೊಳೆತಿತ್ತು. ತೀರಾ ಇಳಿದುಹೋಗಿದ್ದರು. ಬಿಸಿಲು, ಓಡಾಟ ಎಂದುಕೊಂಡೆ. ಅಮ್ಮಿ ಮಾತ್ರ ಬೇರೆಯೇ ಮನುಷ್ಯರಾಗಿದ್ದರು. "ನಂದೂ ಆಯ್ತಮ್ಮಾ, ನನ್ ಮಗ ಮಾಡ್ಕೊಂಡ್ ಬಂದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹಳೆಯ ಜಗಳವಿದ್ದ ಎದುರುಮನೆಯ ಹೆಂಗಸನ್ನು ಕರೆಸಿ, ತಪ್ಪಾಗಿದ್ದರೆ ಮಾಫ್ ಮಾಡು ಎಂದರಂತೆ. ಒಬ್ಬರೇ ಇರುವ ಭಯವೂ ಹೋಯಿತು. ಹೆಚ್ಚು ಕಡಿಮೆ ಐದು ವಾರಕ್ಕೆ, ಒಂದು ಬೆಳಿಗ್ಗೆ, ಮೊಮ್ಮಗಳು ಟೀ ಕುಡಿಸುತ್ತಿದ್ದ ಹಾಗೆಯೇ ಹೋಗಿಬಿಟ್ಟರು. ನಾನು ನೋಡಲು ಹೋದಾಗ ಆ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. "ದಾದಿದು ಎಲ್ಲಾ ಆಗಿತ್ತಲ್ವಾ ಆಂಟಿ, ನಿಶ್ಚಿಂತೆಯಿಂದ ಹೋದ್ರು" ಎಂದಳು. ಅದನ್ನೇ ಮತ್ತೆ ಮತ್ತೆ ಹೇಳಿದಳು. ಭಾಯಿ ಬಾಗಿಲ ಹತ್ತಿರವೇ ನಿಂತಿದ್ದರು. ಆ ಮಾತು ಕೇಳಿ ಹೊರಗೆ ಹೋದರು...

ಸೆಮಿಸ್ಟರ್ ಪರೀಕ್ಷೆಯ ದಿನಗಳಲ್ಲಿ ಹುಡುಗರು ತಮ್ಮ ಪಾಡಿಗೆ ಹೊರಟುಹೋಗುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಬಸ್ಸಿನಲ್ಲಿ ನಾನೊಬ್ಬಳೇ ಇದ್ದೆ. ಜಾಲಹಳ್ಳಿ ಹತ್ತಿರ ಲಾರಿಯೊಂದು ಕೆಟ್ಟು ನಿಂತು ದಾರಿ ಕಟ್ಟಿತ್ತು. ಭಾಯಿ ಇಂಜಿನ್ ಆರಿಸಿದರು. ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದರು.

"ಮೇಡಂ, ಅಮ್ಮಿದು ಆಗಿಲ್ಲ."

ಏನು ಎಂದು ನನಗೆ ತಕ್ಷಣ ತಿಳಿಯಲಿಲ್ಲ.

"ಉಮ್ರಾ. ನಂದು ಆಯ್ತು, ಅಮ್ಮಿದು ಆಗ್ಲಿಲ್ಲ."

ತಮ್ಮ ಉಮ್ರಾ ಮುಗಿಸಿದ ದಿನವೇ ಅವರಿಗೆ ಜ್ವರ ಬಂದು, ದಿನಗಟ್ಟಲೆ ಇಳಿದಿರಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ಮನೆಗೆ ಫೋನ್ ಮಾಡಿದಾಗ ಚೆನ್ನಾಗಿದ್ದೇನೆ ಎಂದೇ ಹೇಳಿದ್ದರು. ಮಕ್ಕಾದಲ್ಲಿ ಅವರ ರೂಮಿನಲ್ಲೇ ಶಿಡ್ಲಘಟ್ಟದ ಕಡೆಯ ಒಬ್ಬರಿದ್ದರು, ಹಿಂದೊಮ್ಮೆ ಹಜ್ ಮಾಡಿದ್ದವರು. ಗಡಿಯ ಮಸೀದಿಗೆ ಹೊರಟವರು ಇವರ ಮಂಚದ ಹತ್ತಿರ ಬಂದು, "ನಿಮ್ ತಾಯಿ ಹೆಸರು ಹೇಳಿ, ನಾನು ಮಾಡ್ಬಿಡ್ತೀನಿ. ನೀವು ಮಲಗಿ" ಎಂದರು.

"ನಾನು ಬೇಡ ಅಂದೆ ಮೇಡಂ. ನನ್ ತಾಯಿದು ನಾನೇ ಮಾಡ್ತೀನಿ, ನಾಳೆ ಇಳಿಯುತ್ತೆ ಜ್ವರ ಅಂದೆ. ಮಾರನೇ ದಿನಾನೂ ಕೇಳಿದ್ರು. ಆಗ್ಲೂ ಬೇಡ ಅಂದೆ. ಅದರ ಮಾರನೇ ದಿನ ನಮ್ಮನ್ನೆಲ್ಲ ಬಸ್ ಹತ್ತಿಸಿ ಮದೀನಾಕ್ಕೆ ಕರ್ಕೊಂಡ್ ಹೋದ್ರು. ಅಲ್ಲಿಂದ ಸೀದಾ ಊರಿಗೆ."

"ಅಮ್ಮಿಗೆ ಹೇಳ್ಬಹುದಿತ್ತಲ್ಲ ಭಾಯಿ."

"ಹೇಳ್ಬೇಕು ಅಂತ್ಲೇ ಬಂದೆ. ಬಾಗ್ಲು ದಾಟಿ ಹತ್ರ ಬಗ್ಗಿದೆ, ನನ್ ಬೋಳುತಲೆ ಮೇಲೆ ಎರಡೂ ಕೈ ಇಟ್ರು. 'ನಂದೂ ಆಯ್ತಾ ಬೇಟಾ' ಅಂದ್ರು. ಆಯ್ತು ಅಮ್ಮಿ ಅಂದ್ಬಿಟ್ಟೆ."

ನಾನು ಏನಾದರೂ ಹೇಳಬೇಕಿತ್ತು. ಎಲ್ಲರೂ ಹೇಳುವುದನ್ನೇ ಹೇಳಿದೆ. "ಹೋಗ್ಲಿ ಬಿಡಿ ಭಾಯಿ. ನಿಮ್ಮ ಮನಸ್ಸು ಏನು ಅಂತ ದೇವರಿಗೆ ಗೊತ್ತಿರುತ್ತೆ."

"ಅದೇ ಭಯ ಮೇಡಂ" ಎಂದರು. "ಅವನಿಗೆ ಗೊತ್ತು."

ಮುಂದೆ ಲಾರಿ ಸರಿಯಿತು. ಭಾಯಿ ಗಾಡಿ ಸ್ಟಾರ್ಟ್ ಮಾಡಿದರು. ನನಗೇ ಯಾಕೆ ಹೇಳಿದಿರಿ ಎಂದು ನಾನು ಇಳಿಯುವಾಗ ಕೇಳಿದೆ. "ನಮ್ಮೋರಲ್ಲಿ ಯಾರ್ಗೇ ಹೇಳಿದ್ರೂ ಸುತ್ತಿ ಬಳಸಿ ನನ್ ಮಗಳ ಕಿವಿಗೆ ಬೀಳುತ್ತೆ" ಎಂದರು.

ಮುಂದಿನ ಬೇಸಿಗೆಗೆ ಮತ್ತೆ ಹೋಗಿ ಅಮ್ಮಿಯದನ್ನು ಮುಗಿಸಿ ಬರುತ್ತೇನೆ ಎನ್ನುತ್ತಿದ್ದರು. ತೀರಿಕೊಂಡವರ ಹೆಸರಲ್ಲೂ ಮಾಡಬಹುದಂತೆ. ಆದರೆ ಅಷ್ಟರಲ್ಲಿ ಕಾಲೇಜಿನವರು ಬಸ್ಸುಗಳನ್ನು ಒಬ್ಬ ಕಂಟ್ರಾಕ್ಟರನಿಗೆ ವಹಿಸಿದರು. ಎರಡು ವಾರ ರಜೆ ಬೇಕೆಂದರೆ, ಆಮೇಲೆ ಬರುವುದೇ ಬೇಡ ಎಂದನಂತೆ ಆತ. ಮಗಳ ಫಾರ್ಮಸಿ ಓದು ಇನ್ನೂ ಮುಗಿದಿರಲಿಲ್ಲ. ಭಾಯಿ ಆ ವರ್ಷ ಸುಮ್ಮನಾದರು. ಅದರ ಮುಂದಿನ ವರ್ಷ ಕ್ಲಚ್ ಒತ್ತುವ ಎಡಗಾಲಿನ ಹೆಬ್ಬೆರಳಲ್ಲಿ ಒಂದು ಗಾಯವಾಯಿತು. ಶೂ ಕಚ್ಚಿದ್ದು ಎಂದು ಅಸಡ್ಡೆ ಮಾಡಿದರು. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗುವಷ್ಟರಲ್ಲಿ ಎರಡು ಬೆರಳು ತೆಗೆಯಬೇಕಾಯಿತು. ಆಮೇಲೆ ಪಾದ. ಆಮೇಲೆ ಕಿಡ್ನಿ...

ಬೇರೆ ಡ್ರೈವರ್ ಬಂದ. ಭಾಯಿಯ ಹಾಗೆ ಊಟದ ಡಬ್ಬಿ ಬಾನೆಟ್ ಮೇಲಿಡುವವನಲ್ಲ. ನಾನು ಹಿಂದಿನ ಸೀಟಿಗೆ ಹೋದೆ.

ಕೊನೆಯ ಸಲ ನೋಡಲು ಹೋದಾಗ ಭಾಯಿ ಅಮ್ಮಿಯ ಮಂಚದಲ್ಲೇ ಮಲಗಿದ್ದರು, ಅದೇ ಕಿಟಕಿ ಪಕ್ಕ. ಮಗಳು ಕೆಲಸಕ್ಕೆ ಹೋಗಿದ್ದಳು. ಓದು ಮುಗಿಸಿ ಯಲಹಂಕ ನ್ಯೂ ಟೌನಿನ ಒಂದು ಮೆಡಿಕಲ್ ಶಾಪಿಗೆ ಸೇರಿದ್ದಳು.

"ವಿಮಾನ ಹತ್ಲೇಬೇಡಿ ಅಂದಿದ್ದಾರೆ ಡಾಕ್ಟ್ರು" ಎಂದರು. "ಇನ್ ನನ್ ಕೈಲಿ ಆಗಲ್ಲ. ಒಂದ್ ಉಪಕಾರ ಮಾಡ್ತೀರಾ ಮೇಡಂ? ನಾನ್ ಹೋದ್ಮೇಲೆ ನನ್ ಮಗಳಿಗೆ ನೀವು ಹೇಳ್ಬೇಕು. ಅವಳೊಬ್ಬಳಿಗೇ. ಅವಳು ಏನಾದ್ರೂ ದಾರಿ ಮಾಡ್ತಾಳೆ."

"ನೀವೇ ಹೇಳಿ ಭಾಯಿ. ಮಗಳಲ್ವಾ, ಅರ್ಥ ಮಾಡ್ಕೊಳ್ತಾಳೆ."

"ದಾದಿ ಹೋದಾಗ ಅವಳು ಹಿಡ್ಕೊಂಡು ನಿಂತಿದ್ದು ಅದೊಂದೇ ಮಾತು. ಅದನ್ನ ನಾನೇ ಹೆಂಗೆ ಕಿತ್ಕೊಳ್ಲಿ?"

ನಾನು ಹೇಳುತ್ತೇನೆ ಎಂದು ಮಾತು ಕೊಟ್ಟೆ. ಭಾಯಿ ಕಣ್ಣು ಮುಚ್ಚಿಕೊಂಡರು. ನಿದ್ದೆಯೋ ಸುಸ್ತೋ... ನಾನು ಬಾಗಿಲೆಳೆದುಕೊಂಡು ಬಂದೆ.

ಆ ಚಳಿಗಾಲದಲ್ಲಿ ಅವರು ಹೋದರು. ಹೆಂಗಸರ ನಡುವೆ ನಾನೂ ಕೂತಿದ್ದೆ. ಅದು ಹೇಳುವ ಹೊತ್ತಾಗಿರಲಿಲ್ಲ. ನಲವತ್ತನೆಯ ದಿನದ ಊಟಕ್ಕೆ ಮಗಳು ಕರೆದಿದ್ದಳು. ಹೇಳಿಯೇಬಿಡಬೇಕು ಎಂದುಕೊಂಡೇ ಹೋದೆ. ಅವಳು ತಟ್ಟೆ ಕೊಡುತ್ತ, "ನಮ್ ಅಬ್ಬಾ ಲೈಫಲ್ಲಿ ತಮಗೆ ಅಂತ ಏನೂ ಮಾಡ್ಕೊಳ್ಲಿಲ್ಲ ಆಂಟಿ. ದಾದಿ ಆಸೆ ಒಂದು ತೀರಿಸಿದ್ರು ನೋಡಿ, ಅದೇ ಸಮಾಧಾನ" ಎಂದಳು. ನಾನು ತಟ್ಟೆ ತೆಗೆದುಕೊಂಡೆ. ಊಟ ಮಾಡಿ ಬಂದೆ.

ಆಮೇಲೆ ದಿನ ನೂಕಿದೆ. ನನ್ನ ಬಿಪಿ ಮಾತ್ರೆಗಳನ್ನು ಅವಳ ಅಂಗಡಿಯಲ್ಲೇ ತರುತ್ತಿದ್ದವಳು ಅಟ್ಟೂರಿನಲ್ಲೇ ಬೇರೆ ಕಡೆ ತರಿಸತೊಡಗಿದೆ. ಕೆಲಸದಿಂದ ನಿವೃತ್ತಳಾದೆ. ಅವಳಿಗೆ ಮದುವೆಯಾಯಿತು. ಮದುವೆಗೆ ಹೋಗಿ ಕೈಗೆ ಕವರ್ ಕೊಟ್ಟು ಬಂದೆ. ಮದುವೆಯ ಮನೆಯಲ್ಲಿ ಇಂಥ ಮಾತೇ ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಎರಡು ವರ್ಷ ಕಳೆಯಿತು.

ದೊಡ್ಡಬಳ್ಳಾಪುರದಿಂದ ವಾಪಸು ಬಂದ ಮರುದಿನ ಮಧ್ಯಾಹ್ನ ಅವಳ ಅಂಗಡಿಗೆ ಹೋದೆ. ಗಿರಾಕಿಗಳಿರಲಿಲ್ಲ. "ಎಷ್ಟ್ ದಿನ ಆಯ್ತು ಆಂಟಿ, ನಮ್ಮನ್ನ ಮರ್ತೇಬಿಟ್ರಿ" ಎಂದು ಸ್ಟೂಲು ಎಳೆದು ಕೂರಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಜ್ವರ ಬಂದದ್ದು, ರೂಮಿನವರು ಕೇಳಿದ್ದು, ಇವರು ಬೇಡ ಎಂದದ್ದು, ಜಾಲಹಳ್ಳಿಯ ಹತ್ತಿರ ನನಗೆ ಹೇಳಿದ್ದು, ಕೊನೆಗೆ ಮಂಚದಲ್ಲಿ ಮಲಗಿ ಕೇಳಿಕೊಂಡದ್ದು. ಅವಳು ಕೌಂಟರಿನ ಮೇಲಿದ್ದ ಮಾತ್ರೆಯ ಹಾಳೆಯೊಂದನ್ನು ಮಡಿಸುತ್ತ ಬಿಡಿಸುತ್ತ ಕೇಳಿದಳು. ಅಳಲಿಲ್ಲ. ಆಮೇಲೆ ಹಾಳೆ ಬದಿಗಿಟ್ಟಳು.

"ಹೋದ ವರ್ಷ ಚಿಕ್ಕಪ್ಪ ಉಮ್ರಾಗೆ ಹೋಗಿದ್ರು ಆಂಟಿ. ಅಬ್ಬಾ ತಮ್ಮ, ಕೋಲಾರದಲ್ಲಿದ್ದಾರಲ್ಲ, ಅವರು. ಹೋಗೋ ಮುಂಚೆ ಫೋನ್ ಮಾಡಿ, ನಂದು ಮುಗಿದ್ಮೇಲೆ ಅಮ್ಮಿ ಹೆಸರಲ್ಲೂ ಒಂದು ಮಾಡ್ತೀನಿ ಅಂದ್ರು. ನಾನೇ ಬೇಡ ಅಂದೆ. ದಾದಿದು ಅಬ್ಬಾ ಮಾಡಿದ್ದಾರೆ, ನೀವು ನಿಮ್ಮ ತಂದೆ, ನಮ್ ದಾದಾ ಹೆಸರಲ್ಲಿ ಮಾಡಿ ಅಂದೆ. ಅವರು ಹಾಗೇ ಮಾಡಿ ಬಂದ್ರು."

"ಅವರಿಗೇ ಇನ್ನೊಂದು ಸಲ..." ಎಂದೆ.

"ಅವರಿಗೆ ಸ್ಟ್ರೋಕ್ ಆಗಿದೆ. ಒಂದ್ ಕಡೆ ಕೈಕಾಲು ಆಡಲ್ಲ."

ಯಾಕೆ ಇಷ್ಟು ದಿನ ಸುಮ್ಮನಿದ್ದಿರಿ ಎಂದು ಅವಳು ಕೇಳಲಿಲ್ಲ. ನಾನೇ ಕ್ಷಮಿಸು ಎಂದೆ. ಅವಳು ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ರಸ್ತೆಯ ಕಡೆ ನೋಡುತ್ತ ಹೇಳಿದಳು:

"ಅಲ್ಲಿ ದಾದಿ ಅಬ್ಬಾನ ಕೇಳಿರ್ತಾರೆ ಅಲ್ವಾ ಆಂಟಿ? ಅಬ್ಬಾ ಏನ್ ಹೇಳಿರ್ತಾರೆ?"

ಕೆಮ್ಮಿನ ಔಷಧಿ ಕೇಳಿಕೊಂಡು ಯಾರೋ ಬಂದರು. ಅವಳು ಎದ್ದು ಕಪಾಟಿನ ಕಡೆ ತಿರುಗಿದಳು. ಬಂದವರಿಗೆ ಔಷಧಿ ಕೊಟ್ಟು, ಎಷ್ಟು ಹೊತ್ತಿಗೊಮ್ಮೆ ಕುಡಿಯಬೇಕೆಂದು ಎರಡು ಸಲ ಬಿಡಿಸಿ ಹೇಳಿದಳು. ನನ್ನ ಕಡೆ ಮತ್ತೆ ನೋಡಲಿಲ್ಲ.

ಈಗ ಮತ್ತೆ ಅವಳ ಅಂಗಡಿಗೇ ಹೋಗುತ್ತಿದ್ದೇನೆ. ಚೀಟಿ ನೋಡಿ ಮಾತ್ರೆ ಕೊಡುತ್ತಾಳೆ. ಕೂರಿ ಎನ್ನುವುದಿಲ್ಲ. ಗಂಡನ ಹತ್ತಿರ ಹೇಳಿದ್ದಾಳೋ, ಯಾವತ್ತಾದರೂ ತಾನೇ ಹೋಗುತ್ತಾಳೋ, ಕೇಳುವ ಹಕ್ಕು ನನಗೆ ಉಳಿದಿಲ್ಲ. ಹನ್ನೊಂದು ವರ್ಷ ಭಾಯಿ ನನ್ನನ್ನು ಒಂದು ದಿನವೂ ಬಿಟ್ಟು ಹೋದವರಲ್ಲ. ಅವರು ನನ್ನನ್ನು ಕೇಳಿದ್ದು ಒಂದೇ ಒಂದು ಕೆಲಸ. ಅದನ್ನು ನಾನು ಮಾಡುವಷ್ಟರಲ್ಲಿ ಎರಡು ವರ್ಷ ತಡವಾಗಿತ್ತು.