ಸೋಪಿನ ಕೈ

ಹೊಲಿಗೆ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಕೆಲಸದ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಆಯಾಳನ್ನು ಎಲ್ಲರೂ ಲಾಲಿಯಮ್ಮ ಎನ್ನುತ್ತಿದ್ದರು. ಅವಳ ಕೈಗೆ ಹೋದ ಕೂಸು ಅಳು ಮರೆಯುತ್ತದೆ ಎಂಬುದು ಅವರ ನಂಬಿಕೆ. ಅವಳ ನಂಬಿಕೆ ಅದಕ್ಕಿಂತ ಒಂದು ಕೈ ಮೇಲು. ದಿನವಿಡೀ ಸೋಪಿನ ನೀರಿನಲ್ಲಿ ಮಕ್ಕಳ ಬಟ್ಟೆ ಒಗೆಯುತ್ತಿದ್ದುದರಿಂದ ಬೆರಳ ಸಂದು ಸದಾ ತುರಿಸುತ್ತಿತ್ತು. ಒಂದಿಷ್ಟು ಎಣ್ಣೆ ಸವರಿಕೊಂಡು ಮುಂದಿನ ಕೂಸನ್ನು ಎತ್ತಿಕೊಳ್ಳುವಳು.

ಗುಂಡಿ ಹಾಕುವ ಹುಡುಗಿಯ ಎಂಟು ತಿಂಗಳ ಮಗನಿಗೆ ಅಂಗೈ, ಅಂಗಾಲಿನ ತುಂಬ ನೀರುಗುಳ್ಳೆ ಎದ್ದಾಗ ಲಾಲಿಯಮ್ಮ ಎಲ್ಲರೆದುರು ಮೂಗು ಮುರಿದಳು.

"ಕಜ್ಜಿ ಕಣಮ್ಮಾ ಇದು. ಮನೇನ ಒಂಚೂರು ಚೊಕ್ಕಟವಾಗಿ ಇಟ್ಕೊಳ್ಳೋಕೆ ಏನು ಕಷ್ಟ ನಿಂಗೆ?"

ಹುಡುಗಿಯ ಮುಖ ಚಿಕ್ಕದಾಯಿತು. ಡಾಕ್ಟರು ಹೇಳಿದಂತೆ ಮನೆಯವರೆಲ್ಲ ಒಂದೇ ದಿನ ಮುಲಾಮು ಹಚ್ಚಿಕೊಂಡರು. ಬಟ್ಟೆಬರೆಯೆಲ್ಲ ಬಿಸಿನೀರಿಗೆ ಬಿತ್ತು. ವಾಸಿಯಾದ ಮಗು ಮರಳಿ ಲಾಲಿಯಮ್ಮನ ಮಡಿಲೇರಿತು. ಕೆಲವೇ ದಿನಗಳಲ್ಲಿ ಮತ್ತೆ ಅದೇ ಗುಳ್ಳೆ.

"ಇವನಿದ್ರೆ ಎಲ್ಲಾ ಮಕ್ಕಳಿಗೂ ಹತ್ತುತ್ತೆ" ಎಂದು ಮೇಲ್ವಿಚಾರಕರ ಕಿವಿಗೆ ಹಾಕಿದವಳೂ ಲಾಲಿಯಮ್ಮನೇ.

"ನಿಮ್ಮ ದಮ್ಮಯ್ಯ ಅಮ್ಮಾ, ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ಲ" ಎಂದು ಹುಡುಗಿ ಗೋಗರೆದಳು. ಯಾರೂ ಕೇಳಲಿಲ್ಲ. ಮಗುವಿನ ಜೊತೆ ಅವಳ ಕೆಲಸವೂ ಹೋಯಿತು.

ಆಮೇಲೂ ಕೋಣೆಯಲ್ಲಿ ಒಂದೊಂದೇ ಕೂಸು ಕೆರೆದುಕೊಳ್ಳತೊಡಗಿತು. ಪರೀಕ್ಷಿಸಲು ಬಂದ ನರ್ಸ್ ಮಕ್ಕಳನ್ನು ನೋಡಿ ಮುಗಿಸಿ, ಲಾಲಿಯಮ್ಮನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಅಯ್ಯೋ, ಅದು ಸೋಪಿಗೆ ಆಗಿರೋದು" ಎಂದು ಲಾಲಿಯಮ್ಮ ಕೈ ಎಳೆದುಕೊಂಡಳು.

"ಸೋಪಲ್ಲ ಅಮ್ಮಾ, ಕಜ್ಜಿನೇ. ಮನೆಯವರೆಲ್ಲ ಮುಲಾಮು ಹಚ್ಕೊಂಡ್ರೂ, ದಿನಾ ಎತ್ಕೊಳ್ಳೋರು ಹಚ್ಕೊಳ್ದಿದ್ರೆ ಮಗುಗೆ ಮತ್ತೆ ಬರುತ್ತೆ."

ಲಾಲಿಯಮ್ಮ ತನ್ನ ಬೆರಳ ಸಂದನ್ನು ಬಿಡಿಸಿ ನೋಡಿಕೊಂಡಳು. ಹತ್ತು ಜನರೆದುರು ಆಡಿದ ಮಾತನ್ನು ಈಗ ನುಂಗಿಕೊಳ್ಳುವುದಾದರೂ ಹೇಗೆ? ಪಾಪ, ಆ ಹುಡುಗಿ ಎದುರು ಮಾತಾಡಿರಲಿಲ್ಲ. ನರ್ಸ್ ಕೊಟ್ಟ ಮುಲಾಮನ್ನು ಸೆರಗಿಗೆ ಕಟ್ಟಿಕೊಂಡು ನೇರವಾಗಿ ಅವಳ ಮನೆಗೆ ನಡೆದಳು.

ಬಾಗಿಲಲ್ಲಿ ಲಾಲಿಯಮ್ಮನನ್ನು ಕಂಡದ್ದೇ ಮಗು ಕಿಲಕಿಲ ನಗುತ್ತಾ ಅಂಬೆಗಾಲಿಟ್ಟು ಬಂದು ಎರಡೂ ಕೈ ಚಾಚಿತು. ಅವಳು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ತಾಯಿ ಅದನ್ನು ಬೇರೆಯೇ ತಿಳಿದಳು. "ಎತ್ಕೊಳ್ಳಿ ಅಮ್ಮಾ, ಹೆದರಬೇಡಿ. ಈಗ ಪೂರ್ತಿ ವಾಸಿಯಾಗಿದೆ. ನಿಮಗೇನೂ ಹತ್ತಲ್ಲ."

"ಹತ್ತಿದ್ದು ಅವನಿಂದ ಅಲ್ಲ ತಾಯೀ, ನನ್ನಿಂದ" ಎಂದಳು ಲಾಲಿಯಮ್ಮ.

ಮಗು ಚಾಚಿದ ಕೈ ಇಳಿಸದೆ ಅಳತೊಡಗಿತು.