ಸಿದ್ಧಮ್ಮತ್ತೆಯ ಕೈಯ ನೊರೆ

ಮೊನ್ನೆ ನನ್ನ ಮೊಮ್ಮಗಳು ಉಪ್ಪಿನಕಾಯಿ ಮುಗಿದ ಗಾಜಿನ ಬಾಟಲಿಯೊಂದನ್ನು ತೊಳೆದು, ಅರ್ಧಕ್ಕೆ ಬಿಸಿ ಹಾಲು ಹುಯ್ದು, ಮುಚ್ಚಳ ಬಿಗಿದು, ಮೇಲೊಂದು ಬಟ್ಟೆ ಸುತ್ತಿ ಎರಡೂ ಕೈಯಿಂದ ಅಲ್ಲಾಡಿಸುತ್ತಾ ಅಡುಗೆಮನೆಯಲ್ಲಿ ನಿಂತಿದ್ದಳು. ನನಗೆ ಕಣ್ಣು ಅಷ್ಟು ಕಾಣುವುದಿಲ್ಲ, ಕಿವಿ ಇನ್ನೂ ಗಟ್ಟಿ ಇದೆ. ಮೊದಲು ಹಾಲು ಗಾಜಿಗೆ ಬಡಿದು ಗಳಗಳ ಅಂದಿತು. ಆಮೇಲೆ ಆ ಸಪ್ಪಳ ತಗ್ಗುತ್ತಾ ತಗ್ಗುತ್ತಾ, ಹತ್ತಿ ತುಂಬಿದ ಚೀಲವನ್ನು ಗುದ್ದಿದಂತೆ ಮೆತ್ತಗಾಯಿತು. "ಸಾಕು, ನೊರಿ ಬಂತು, ಇಳಿಸು" ಅಂದೆ. "ನೋಡದ ಹೆಂಗ ಗೊತ್ತಾತಜ್ಜಿ?" ಅಂದಳು. ಹಾಲಿನ ಸಪ್ಪಳ ಕೇಳಿ ನೊರೆ ಹೇಳುವುದನ್ನು ನನಗೆ ಕಲಿಸಿದವಳು ಸಿದ್ಧಮ್ಮತ್ತೆ. ಆಕೆಯೂ ಇಲ್ಲ, ಆಕೆ ಹಾಲು ಎತ್ತಿ ಸುರಿಯುತ್ತಿದ್ದ ಆದೋನಿಯ ಆ ಮನೆಯೂ ಇಲ್ಲ. ಅಲ್ಲೀಗ ಟ್ರ್ಯಾಕ್ಟರಿನ ಸಾಮಾನು ಮಾರುವ ಅಂಗಡಿಯಿದೆ.

ನನ್ನ ಅವ್ವ ಸತ್ತಾಗ ನನಗೆ ಆರು ವರ್ಷ. ಅಪ್ಪ ಹೊಳಗುಂದದಿಂದ ನನ್ನನ್ನು ಕರೆತಂದು ಅವ್ವನ ಅಕ್ಕನ ಮನೆಯಲ್ಲಿ ಬಿಟ್ಟ. ಹೋಗುವಾಗ "ಜ್ವಾಳದ ಸುಗ್ಗಿ ಆದಮ್ಯಾಲೆ ಬರ್ತೀನಿ" ಅಂದ. ಸುಗ್ಗಿಗಳು ಆದವು, ಆತ ಇನ್ನೊಂದು ಮದುವೆಯಾದ, ಬರಲಿಲ್ಲ. ಆ ಬಗ್ಗೆ ಹೇಳುವುದು ಇನ್ನೇನೂ ಇಲ್ಲ. ದೊಡ್ಡಪ್ಪ ಹತ್ತಿಯ ದಲಾಲಿ ಮಾಡುತ್ತಿದ್ದ. ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ಕಲ್ಲುಚಪ್ಪಡಿಯ ಮನೆ. ಹತ್ತಿ ಬರುವ ತಿಂಗಳಲ್ಲಿ ಅರಳೆ ಗಾಳಿಗೆ ಹಾರಿ ಬಂದು ತೊಲೆಗೆ, ಒಣಹಾಕಿದ ಮೆಣಸಿನಕಾಯಿಗೆ, ನಮ್ಮ ತಲೆಗೂದಲಿಗೆ ಅಂಟುತ್ತಿತ್ತು. ಎತ್ತಿನ ಸಗಣಿಯ ವಾಸನೆ, ಹತ್ತಿಕಾಳಿನ ಎಣ್ಣೆಯ ವಾಸನೆ, ಅದರ ನಡುವೆ ಬೆಳಿಗ್ಗೆ ಕಾಫಿ ಬೀಜ ಹುರಿಯುವ ಹೊಗೆ. ದೊಡ್ಡವ್ವನಿಗೆ ನಾಲ್ಕು ಗಂಡುಮಕ್ಕಳು. ಅವರು ಶಾಲೆಗೆ ಹೋಗುತ್ತಿದ್ದರು, ನನ್ನನ್ನು ಒಂದೆರಡು ವರ್ಷ ಕಳಿಸಿ ಬಿಡಿಸಿದರು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಯಾರೂ ಕರೆಯುತ್ತಲೂ ಇರಲಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ನನ್ನ ಹೆಸರು ಒಬ್ಬರ ಬಾಯಿಂದಲೂ ಬರುತ್ತಿರಲಿಲ್ಲ. ಬಂದರೆ ಅಡುಗೆಮನೆಯಿಂದ ಬರುತ್ತಿತ್ತು. "ನೀಲಿ, ಎಲ್ಲಿ ಹೋದಿ? ಒಲಿ ಊದು ಬಾ."

ಹಾಗೆ ಕರೆಯುವವಳು ಸಿದ್ಧಮ್ಮ, ದೊಡ್ಡಪ್ಪನ ತಂಗಿ. ಹದಿನೇಳಕ್ಕೆ ಗಂಡ ಸತ್ತು ಅಣ್ಣನ ಮನೆಗೆ ಬಂದವಳು. ದೊಡ್ಡವ್ವನ ಮಕ್ಕಳು ಅತ್ತೆ ಅನ್ನುತ್ತಿದ್ದರು, ಅವರನ್ನು ನೋಡಿ ನಾನೂ ಅಂದೆ. ಹಣೆಗೆ ವಿಭೂತಿ, ಬರಿಗೈ, ಗಂಡಸಿನಂಥ ಉದ್ದ ತೋಳು. ಮನೆಯ ಕೆಲಸವೆಲ್ಲ ಆಕೆಯದು, ಮನೆ ಮಾತ್ರ ಆಕೆಯದಲ್ಲ. ನಿಮ್ಮ ಮನೆಗಳಲ್ಲೂ ಅಂಥವಳೊಬ್ಬಳು ಇದ್ದಿರುತ್ತಾಳೆ, ನೆನಪು ಮಾಡಿಕೊಳ್ಳಿ. ನಾನು ಅಡುಗೆಮನೆಯಲ್ಲಿ ಆಕೆಯ ಮಗ್ಗುಲಿಗೆ ಮಲಗುತ್ತಿದ್ದೆ.

ದೊಡ್ಡಪ್ಪನ ಹತ್ತಿರ ಬಳ್ಳಾರಿ ಕಡೆಯಿಂದ, ಗುಂತಕಲ್ಲಿನಿಂದ ಹತ್ತಿ ಕೊಳ್ಳುವ ಶೇಟುಗಳು ಬರುತ್ತಿದ್ದರು. ಅವರಿಗೆ ಕಾಫಿ ಕೊಡಬೇಕು, ಕಾಫಿಯ ಮೇಲೆ ಬೆರಳೆತ್ತರ ನೊರೆ ನಿಲ್ಲಬೇಕು. "ನೊರಿ ಇಲ್ಲದ ಕಾಫಿ ಕೊಟ್ರ ಹಾಲಿಗೆ ನೀರು ಬೆರಸ್ಯಾರ ಅಂತಾರ. ಹಾಲಿಗೆ ನೀರು ಬೆರಸಾವ ಹತ್ತಿಗೂ ನೀರು ಹೊಡೀತಾನ ಅಂತಾರ" ಎಂದು ದೊಡ್ಡಪ್ಪ ಹೇಳುತ್ತಿದ್ದ. ತೂಕ ಬರಲೆಂದು ಹತ್ತಿಗೆ ನೀರು ಚಿಮುಕಿಸುವವರು ಪೇಟೆಯಲ್ಲಿ ಇದ್ದರು, ಆ ಹೆಸರು ತನಗೆ ಬರಬಾರದೆಂದು ಆತನ ಭಯ. ನಿಜ ಹೇಳಬೇಕೆಂದರೆ ನಮ್ಮ ಹಾಲಿಗೆ ನೀರು ಬೆರೆತೇ ಇತ್ತು, ದೊಡ್ಡವ್ವ ಬೆರೆಸುತ್ತಿದ್ದಳು. ಹೀಗಾಗಿ ದೊಡ್ಡಪ್ಪನ ಮರ್ಯಾದೆ ಸಿದ್ಧಮ್ಮತ್ತೆಯ ರಟ್ಟೆಯಲ್ಲಿತ್ತು.

ಆಕೆಗೆ ಬೇಕಾದದ್ದು ಕಲಾಯಿ ಹಾಕಿದ ಒಂದು ಚರಿಗೆ, ಒಂದು ಅಗಲಬಾಯಿಯ ಪಾತ್ರೆ, ಅಷ್ಟೇ. ಹಾಲು ಒಂದು ಉಕ್ಕು ಬಂದ ಕೂಡಲೇ ಇಳಿಸುತ್ತಿದ್ದಳು. ಬೆರಳು ಇಟ್ಟರೆ ತಡೆಯುವಷ್ಟು ಆರಿದ ಮೇಲೆ ಕೆನೆ ತೆಗೆಯುತ್ತಿದ್ದಳು. "ಕೆನಿ ಭಾರ, ಅದಿದ್ರ ನೊರಿ ಏಳಂಗಿಲ್ಲ." ಆಮೇಲೆ ಚರಿಗೆ ತಲೆಯ ಮೇಲೆ, ಪಾತ್ರೆ ಮೊಣಕಾಲಿನ ಹತ್ತಿರ. ನಡುವೆ ಹಾಲು ಒಂದೇ ಹಗ್ಗದಂತೆ ಇಳಿಯುತ್ತಿತ್ತು. ಆಕೆ ಮೇಲಿನ ಚರಿಗೆಯನ್ನು ನೋಡುತ್ತಿರಲಿಲ್ಲ, ಕಣ್ಣು ಕೆಳಗಿನ ಪಾತ್ರೆಯ ಮೇಲೆ, ಕಿವಿ ಸಪ್ಪಳದ ಮೇಲೆ. ಏಳೆಂಟು ಸಲ ಎತ್ತಿ ಸುರಿಯುವಷ್ಟರಲ್ಲಿ ಸಪ್ಪಳ ಸತ್ತು ನೊರೆ ಕಟ್ಟುತ್ತಿತ್ತು. ಹಿತ್ತಾಳೆ ಲೋಟಗಳಿಗೆ ಹಾಕಿ ಕಳಿಸಿದ ಮೇಲೆ ಪಾತ್ರೆಯ ಅಂಚಿಗೆ ಹತ್ತಿದ್ದನ್ನು ಚಮಚದಲ್ಲಿ ಬಳಿದು ನನ್ನ ಅಂಗೈಗೆ ಹಾಕುತ್ತಿದ್ದಳು. ಬೆಚ್ಚಗಿರುತ್ತಿತ್ತು, ತೂಕವೇ ಇಲ್ಲ, ಕಿವಿಯ ಹತ್ತಿರ ಹಿಡಿದರೆ ಸಣ್ಣಗೆ ಚಿಟಿಚಿಟಿ ಅನ್ನುತ್ತಿತ್ತು. "ಲಗೂನ ಬಾಯಿಗೆ ಹಾಕ್ಕೋ, ಅದು ಯಾರಿಗೂ ಕಾಯಂಗಿಲ್ಲ" ಅನ್ನುತ್ತಿದ್ದಳು. ನಾನು ಎತ್ತಿ ಸುರಿಯಲು ಹೋದರೆ ಹಾಲು ಕಾಲ ಮೇಲೆ ಬೀಳುತ್ತಿತ್ತು. ತೋಳು ಗಿಡ್ಡ. ಒಂದು ಸಲ ಮಜ್ಜಿಗೆಯ ಚಿಕ್ಕ ಕಡಗೋಲಿನಿಂದ ಕಡೆದರೆ ಆಗದೇನು ಅಂತ ಕೇಳಿದೆ. "ಆ ಕಡಗೋಲು ಹಾಲಿಗೆ ಹತ್ತಿಸೀಯ ಮತ್ತ! ಎಷ್ಟು ತೊಳದ್ರೂ ಅದರ ಹಲ್ಲಾಗ ಹುಳಿ ಇರತೈತಿ" ಅಂದಳು.

ಆದೋನಿ ಆಂಧ್ರಕ್ಕೆ ಸೇರಿದ ಹೊಸತು. ನಂದವರಂ ಕಡೆ ಕೆಲಸ ಮಾಡುತ್ತಿದ್ದ ತೆಲುಗು ಮಾಸ್ತರೊಬ್ಬರಿದ್ದರು, ನಮ್ಮ ಜನವೇ, ಹೆಂಡತಿ ಸತ್ತು ಎರಡು ವರ್ಷವಾಗಿತ್ತು, ಮಕ್ಕಳಿಲ್ಲ. ಅವರ ಕಡೆಯಿಂದ ಸಿದ್ಧಮ್ಮತ್ತೆಗೆ ಉಡಿಕಿಯ ಮಾತು ಬಂತು. ಗಂಡ ಸತ್ತವಳನ್ನು ಇನ್ನೊಬ್ಬರು ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಉಡಿಕಿ ಅನ್ನುತ್ತಾರೆ. ಚಪ್ಪರವಿಲ್ಲ, ವಾಲಗವಿಲ್ಲ, ಒಂದು ಸೀರೆ ಕೊಟ್ಟು ಕರೆದುಕೊಂಡು ಹೋಗುವುದು. ದೊಡ್ಡಪ್ಪ ಒಪ್ಪಿದ. "ಹೋಗ್ಲಿ ಪಾಪ" ಅಂದಳು ದೊಡ್ಡವ್ವ, "ಆದ್ರ ನಿಮ್ಮ ಶೇಟುಗಳಿಗೆ ನೊರಿ ಯಾರು ಎಬ್ಬಸ್ತಾರ? ನಾ ತೋಳು ಎತ್ತಿದ್ರ ಕುಬಸ ಹರೀತೈತಿ." "ಇನ್ನೊಂದು ಕುಬಸ ಹೊಲಿಸಿ ಕೊಡ್ತೀನಿ, ಸುಮ್ಮನಿರು" ಅಂದ ದೊಡ್ಡಪ್ಪ. ಒಳಗೆ ಒಲೆಯ ಮುಂದೆ ಕೂತಿದ್ದ ಸಿದ್ಧಮ್ಮತ್ತೆ ನಕ್ಕಳು. ಆಕೆ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ನನ್ನ ತಲೆಯಿಂದ ಅರಳೆ ಆರಿಸುತ್ತಾ ಕೂತಾಗ ಕೇಳಿದೆ, "ಅತ್ತಿ, ನೀ ಹೋಗ್ತೀಯ?"

"ಹೋಗ್ಬೇಕಂತೀನಿ."

"ನಾನು?"

"ಉಡಿಕಿ ಆಗಿ ಹೋಗಾಕಿ ಜೊತಿಗೊಂದು ಹುಡುಗಿನ್ನ ಕಟ್ಟಿಗೆಂಡು ಹೋಗ್ತಾಳೇನ, ಹುಚ್ಚಿ?" ಅಂದಳು. ಇನ್ನೊಂದು ಎಳೆ ಅರಳೆ ಆರಿಸಿ, ನನಗೆ ಹೇಳಿದಂತೆಯೂ ಅಲ್ಲ, "ಅಲ್ಲಿ ನಂದೇ ಅಂತ ಒಂದು ಒಲಿ ಇರತೈತಿ ನೀಲಿ" ಅಂದಳು.

ಬಿಸಿಲುಗಾಲದ ಒಂದು ಮಧ್ಯಾಹ್ನ ಅವರು ಬಂದರು. ಮಾಸ್ತರು, ಅವರ ಅಕ್ಕ, ಜೊತೆಗೊಬ್ಬ ಹಿರಿಯ. ಮಾಸ್ತರು ಒಳಗೆ ಕೂತರೂ ಛತ್ರಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ದೊಡ್ಡಪ್ಪ ಏನು ಹೇಳಿದರೂ "ಮಂಚಿದಿ, ಮಂಚಿದಿ" ಅನ್ನುತ್ತಿದ್ದರು, ತೆಲುಗಿನಲ್ಲಿ ಒಳ್ಳೆಯದು ಅಂತ. ನಮ್ಮ ಹುಡುಗರು ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸಿದ್ಧಮ್ಮತ್ತೆ ಬೆಳಗಿನ ಹಾಲನ್ನು ಕಾಯಿಸಿ ಇಳಿಸಿದ್ದಳು. ಮನೆಯಲ್ಲಿ ಇದ್ದದ್ದು ಅಷ್ಟೇ ಹಾಲು. ಅದು ಆರುವ ಮೊದಲೇ ಮಾಸ್ತರ ಅಕ್ಕ ಕೂಗಿದಳು. "ಕಾಫಿ ಆಮ್ಯಾಲೆ ಆಗ್ಲಿ, ಮದ್ಲು ಆಕಿನ್ನ ಕರೀರಿ." ಸಿದ್ಧಮ್ಮತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಬೆಕ್ಕು ಬಾಯಿ ಹಾಕದಂಗ ನೋಡಿಕೋ, ನಾ ಬಂದು ಎತ್ತಿ ಸುರೀತೀನಿ" ಎಂದು ಹೇಳಿ ಹೊರಗೆ ಹೋದಳು.

ನಾನು ಹಾಲಿನ ಮುಂದೆ ಕೂತೆ. ಹೊರಗಿನ ಮಾತೆಲ್ಲ ಕೇಳುತ್ತಿತ್ತು. ಆ ಅಕ್ಕ ಒಳ್ಳೆಯ ಮಾತುಗಾರ್ತಿ. "ನಮ್ಮ ತಮ್ಮ ಬಾಳ ಮೆತ್ತಗ. ನೀನೂ ಮೆತ್ತಗಿದ್ರ ನಿಮ್ಮಿಬ್ಬರನ್ನೂ ಬೆಕ್ಕು ಆಳತೈತಿ ನೋಡವ್ವ" ಅಂದಳು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಸಿದ್ಧಮ್ಮತ್ತೆಯ ನಗು ಬೇರೆಯಾಗಿ ಕೇಳಿಸಿತು. ಆಕೆ ಆಗಲೇ ನಂದವರಂಗೆ ಹೋಗಿಬಿಟ್ಟಂತೆ ಇತ್ತು. ನಾನು ಎದ್ದು ಮಜ್ಜಿಗೆ ಗಡಿಗೆಯಿಂದ ಕಡಗೋಲು ಎಳೆದೆ. ತೊಳೆಯಲಿಲ್ಲ, ಮಜ್ಜಿಗೆ ತೊಟ್ಟಿಕ್ಕುತ್ತಿತ್ತು. ಹಾಗೇ ಬಿಸಿ ಹಾಲಿಗೆ ಇಟ್ಟು ಎರಡು ಅಂಗೈ ನಡುವೆ ತಿರುವಿದೆ. ಮೊದಲು ನೊರೆ ಬಂತು. ಸಿದ್ಧಮ್ಮತ್ತೆಯ ಕೈಯಲ್ಲೂ ಬಾರದಷ್ಟು ಬಂತು. ನನಗೆ ಖುಷಿಯಾಯಿತು, ಇದನ್ನು ನೋಡಿದರೆ ನನ್ನನ್ನೂ ಕರೆದುಕೊಂಡು ಹೋಗಬಹುದು ಅಂತಲೂ ಅನ್ನಿಸಿತು. ಆಮೇಲೆ ನೊರೆ ಕುಸಿಯಿತು. ಕೆಳಗೆ ತಿಳಿನೀರು, ಅದರಲ್ಲಿ ಬಿಳಿ ಬಿಳಿ ಹರಳು.

ಬೇಕೆಂದೇ ಮಾಡಿದೆಯಾ ಅಂತ ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ನೊರೆ ಎಬ್ಬಿಸಿ ತೋರಿಸಬೇಕೆಂದಿದ್ದೆ, ಅದು ಖರೆ. ಕಡಗೋಲಿನ ಹಲ್ಲಿನಲ್ಲಿ ಹುಳಿ ಇರುತ್ತದೆಂದು ಗೊತ್ತಿತ್ತು, ಅದೂ ಖರೆ.

ಸಿದ್ಧಮ್ಮತ್ತೆ ಒಳಗೆ ಬಂದು ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಕೈಯಿಂದ ಕಡಗೋಲು ತೆಗೆದುಕೊಂಡು ಗಡಿಗೆಗೆ ಇಟ್ಟಳು. ಅಷ್ಟರಲ್ಲಿ ಮಾಸ್ತರ ಅಕ್ಕ ಕುಡಿಯಲು ನೀರು ಕೇಳುತ್ತಾ ಒಳಗೇ ಬಂದಳು. ಪಾತ್ರೆಯ ಕಡೆ ಆಕೆಯ ಕಣ್ಣು ಬಿತ್ತು.

"ಯವ್ವಾ, ಹಾಲು ಒಡದೈತೇನು?"

"ಹ್ಞೂಂ ರೀ. ನನ್ನ ಕೈಲಿ ಆತು" ಅಂದಳು ಸಿದ್ಧಮ್ಮತ್ತೆ.

ಕೊಟ್ಟ ನೀರನ್ನು ಆ ಅಕ್ಕ ಕುಡಿಯಲಿಲ್ಲ, ಲೋಟ ಹಾಗೇ ಕಟ್ಟೆಯ ಮೇಲಿಟ್ಟು ಹೋದಳು. ಮಾತುಕತೆಯ ಹೊತ್ತಿನಲ್ಲಿ ಹಾಲು ಒಡೆಯುವುದು ಕೆಟ್ಟದ್ದು, ಗಂಡ ಸತ್ತವಳ ಕೈಯಲ್ಲಿ ಒಡೆದರೆ ಕೇಳುವುದೇ ಬೇಡ. ಹೊರಗೆ ಪಿಸುಮಾತು ನಡೆಯಿತು. ಮಾಸ್ತರು ಈ ಸಲ ಮಂಚಿದಿ ಅನ್ನಲಿಲ್ಲ, ಪಡಸಾಲೆಯಲ್ಲೇ ಛತ್ರಿ ಬಿಚ್ಚಿಕೊಂಡರು. "ಆಕಿದೇನೂ ತಪ್ಪಿಲ್ಲರಿ" ಎಂದು ಅಕ್ಕ ಬಾಗಿಲಲ್ಲಿ ನಿಂತು ದೊಡ್ಡಪ್ಪನಿಗೆ ಹೇಳಿದಳು. "ನಮ್ಮ ತಮ್ಮ ಮದ್ಲಾ ಒಬ್ಬಾಕಿನ್ನ ಮಣ್ಣಿಗೆ ಇಟ್ಟು ಬಂದಾನ. ನನಗ ಧೈರ್ಯ ಸಾಲವಲ್ದು." ಆಕೆಯ ಕಣ್ಣಲ್ಲಿ ನೀರಿತ್ತು. ಕೆಟ್ಟ ಹೆಂಗಸಲ್ಲ ಆಕೆ.

ಒಡೆದ ಹಾಲಿಗೆ ದೊಡ್ಡವ್ವ ಬೆಲ್ಲ ಹಾಕಿ ಕುದಿಸಿದಳು. ಸಂಜೆ ಎಲ್ಲರೂ ತಿಂದರು, ನಾನೂ ತಿಂದೆ. ಬಡಿಸಿದವಳು ಸಿದ್ಧಮ್ಮತ್ತೆ. ಆ ದಿನವೂ, ಆಮೇಲೂ ಆಕೆ ನನ್ನನ್ನು ಒಂದು ಮಾತು ಕೇಳಲಿಲ್ಲ. ಶೇಟುಗಳು ಬರುತ್ತಲೇ ಇದ್ದರು, ಚರಿಗೆ ತಲೆಯ ಮೇಲೆ ಏರುತ್ತಲೇ ಇತ್ತು. ಅಂಚಿನ ನೊರೆಯನ್ನು ಮಾತ್ರ ಆಕೆ ಬಳಿಯಲಿಲ್ಲ, ನಾನೂ ಕೈ ಒಡ್ಡಲಿಲ್ಲ. ಅದು ಪಾತ್ರೆಯಲ್ಲೇ ಒಣಗುತ್ತಿತ್ತು, ಆಮೇಲೆ ನಾನೇ ಬೂದಿ ಹಾಕಿ ತಿಕ್ಕುತ್ತಿದ್ದೆ. ಆಕೆ ಹೋಗಬಾರದೆಂದು ನಾನು ಬಯಸಿದ್ದೆ, ಆಕೆ ಹೋಗಲಿಲ್ಲ. ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು, ಮುಖ ಗೋಡೆಯ ಕಡೆಗೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಹೆಸರು ಬಾರದ ದಿನಗಳು ಈಗ ಹೆಚ್ಚಾದವು.

ನಾಲ್ಕು ವರ್ಷ ಆದಮೇಲೆ ಆಸ್ಪರಿಯ ಹತ್ತಿರದ ಹಳ್ಳಿಗೆ ನನ್ನನ್ನು ಕೊಟ್ಟರು. ಗಾಡಿ ಹತ್ತುವ ದಿನ ಬೆಳಿಗ್ಗೆ ಆಕೆ ನನಗೆ ಜಡೆ ಹಾಕುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಹೇಳಲು ಆಯಿತು.

"ಅತ್ತಿ, ಅವತ್ತು ಕಡಗೋಲು ತೊಳೀಲಾರದ ಇಟ್ಟಿದ್ದೆ. ಗೊತ್ತಿದ್ದೂ ಇಟ್ಟಿದ್ದೆ."

ಕೈ ನಿಲ್ಲಲಿಲ್ಲ. ಜಡೆ ಮುಗಿಸಿ, ದಾರ ಕಟ್ಟಿ, ಆಮೇಲೆ ಮಾತಾಡಿದಳು. "ನೀ ಸಣ್ಣಾಕಿ ಇದ್ದಿ. ನಾ ಸಣ್ಣಾಕೇನು? ಮಗ್ಗಲ ಮನ್ಯಾಗ ಎಮ್ಮಿ ಇತ್ತು. ಹಿತ್ತಲ ಬಾಗಲಿಂದ ಹೋಗಿ ಒಂದು ಚರಿಗಿ ಹಾಲು ಕೇಳಿದ್ರ ಕೊಡ್ತಿದ್ರು. ಆ ಅಕ್ಕನ್ನ ಎರಡು ಮಾತಾಡಿಸಿ ಹೊರಗ ಕೂಡಿಸಬಹುದಾಗಿತ್ತು. ನಾ ಹೋಗ್ಲಿಲ್ಲ."

"ಯಾಕ ಹೋಗ್ಲಿಲ್ಲ?"

"ನಿನ್ನ ಮಾರಿ ನೋಡಿದೆ, ಕಾಲು ಏಳಲಿಲ್ಲ" ಅಂದಳು. "ಏಳು, ಗಾಡಿ ಹೂಡ್ಯಾರ."

ಮದುವೆಯಾಗಿ ಹೋಗುವವಳ ಎದುರಿಗೆ ಗಂಡ ಸತ್ತವಳು ನಿಲ್ಲುವಂತಿಲ್ಲ. ಬಾಗಿಲಲ್ಲಿ ಓಣಿಯ ಹೆಂಗಸರೆಲ್ಲ ಇದ್ದರು, ಆಕೆ ಒಳಗೇ ಉಳಿದಳು. ನನಗಾಗಿ ಇದ್ದವಳನ್ನು ಅಲ್ಲಿ ಬಿಟ್ಟು ನಾನು ಗಾಡಿ ಹತ್ತಿದೆ.

ಮೂರು ವರ್ಷಕ್ಕೆ ಆಕೆ ಜ್ವರ ಬಂದು ಸತ್ತಳು. ಸುದ್ದಿ ನನಗೆ ಮುಟ್ಟಿದ್ದು ಹತ್ತು ದಿನ ಆದಮೇಲೆ, ಆದೋನಿ ಸಂತೆಗೆ ಹೋಗಿ ಬಂದ ಒಬ್ಬರ ಬಾಯಿಂದ. ಹತ್ತಿ ಬಿಡಿಸುತ್ತಿದ್ದೆ. ಹೊಲದಲ್ಲಿ ಏನೂ ಆಗಲಿಲ್ಲ, ಸಾಲು ಮುಗಿಸಿಯೇ ಬಂದೆ. ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತಾಗ ಅಳು ಬಂತು. ಗಂಡನ ತಾಯಿ ಬಂದು ನಿಂತು, "ಯಾರು ಹೋದ್ರು?" ಎಂದು ಕೇಳಿದಳು. ಹೇಳಿದೆ.

"ನಿನಗೇನಾಗಬೇಕು ಆಕಿ?"

ನಾನು ಲೆಕ್ಕ ಹಾಕಿ ಹೇಳಿದೆ. ಅವ್ವನ ಅಕ್ಕನ ಗಂಡನ ತಂಗಿ.

ಆಕೆ ಬೆರಳು ಮಡಚಿ ನೋಡಿದಳು. "ಅದ್ಯಾವ ಸಂಬಂಧನೂ ಆಗಂಗಿಲ್ಲಲ್ಲ" ಅಂದಳು. ಬೈಗುಳದ ದನಿಯಲ್ಲ, ನಿಜಕ್ಕೂ ತಿಳಿಯದೆ ಅಂದಳು. "ಏಳವ್ವ, ಹೊತ್ತು ಮುಣಗಿತು, ರೊಟ್ಟಿ ಬಡಿ."

ನಾನು ಎದ್ದು ಮುಖ ತೊಳೆದು ಹಿಟ್ಟು ಕಲಸಿದೆ. ಆ ಊರಲ್ಲಿ ಸಿದ್ಧಮ್ಮತ್ತೆಯನ್ನು ಕಂಡವರು ನನ್ನನ್ನು ಬಿಟ್ಟರೆ ಒಬ್ಬರೂ ಇರಲಿಲ್ಲ.